ಕೆರೆಗೆ ನೀರು ಬರುವ ದಾರಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಊರಿನ ಕೆರೆ, ಹಳ್ಳ ಮತ್ತು ಅವುಗಳ ಜಲಾನಯನ ಪ್ರದೇಶವನ್ನು ಕುರಿತವು. ಆದ್ದರಿಂದ ಅಂಕಣವನ್ನು ಪೂರ್ತಿಯಾಗಿ ಅದೊಂದೇ ವಿಷಯಕ್ಕೆ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ಮೂರು ವರ್ಷಗಳ ಹಿಂದೆ ನಾವು ಊರಿನವರೇ ಚಂದಾ ಎತ್ತಿ ಕೆರೆಯ ಹೂಳು ತೆಗೆಸಿದೆವು. ಆಮೇಲೆ ಎರಡು ವರ್ಷ ಮಳೆ ಚೆನ್ನಾಗಿಯೇ ಆದರೂ ಕೆರೆ ಅರ್ಧಕ್ಕೂ ಬರಲಿಲ್ಲ. ಪಕ್ಕದೂರಿನ ಕೆರೆ ಕೋಡಿ ಬಿದ್ದಿತು. ನಮ್ಮಲ್ಲಿ ತಪ್ಪಾದದ್ದು ಎಲ್ಲಿ? (ಓದುಗರು, ಮಧುಗಿರಿ ತಾಲ್ಲೂಕು)

ಉತ್ತರ: ನೀವು ಕೆರೆಯ ಒಳಗಿನ ಕೆಲಸ ಮಾಡಿಸಿದ್ದೀರಿ, ತೊಂದರೆ ಬಹುಶಃ ಕೆರೆಯ ಮೇಲುಗಡೆ ಇದೆ. ಯಾವ ಯಾವ ದಿಣ್ಣೆ, ಹೊಲ, ಗೋಮಾಳಗಳ ಮೇಲೆ ಬಿದ್ದ ಮಳೆ ಹರಿದು ನಿಮ್ಮ ಕೆರೆಗೆ ಬಂದು ಸೇರಬೇಕೋ ಅಷ್ಟೂ ಅದರ ಜಲಾನಯನ ಪ್ರದೇಶ. ಅದರ ಗಡಿಯನ್ನು ನೆಲದ ಇಳಿಜಾರು ಹಾಕುತ್ತದೆಯೇ ಹೊರತು ಕಂದಾಯ ಇಲಾಖೆ ಹಾಕುವುದಿಲ್ಲವಾದ್ದರಿಂದ, ನಿಮ್ಮ ಕೆರೆಯ ನೀರಿನ ಮೂಲ ಬೇರೆ ಊರಿನ, ಎಷ್ಟೋ ಸಲ ಬೇರೆ ಪಂಚಾಯಿತಿಯ ನೆಲದಲ್ಲಿರುತ್ತದೆ. ರಾಜ್ಯದಲ್ಲಿರುವ 36 ಸಾವಿರಕ್ಕೂ ಹೆಚ್ಚು ಕೆರೆಗಳಲ್ಲಿ ಬಯಲುಸೀಮೆಯ ಬಹುಪಾಲು ಕೆರೆಗಳು ಒಂಟಿಯಾಗಿಲ್ಲ. ಮೇಲಿನ ಕೆರೆಯ ಕೋಡಿಯ ನೀರು ಕೆಳಗಿನ ಕೆರೆಗೆ ಹೋಗುವಂತೆ ಸರಣಿಯಾಗಿ ಕಟ್ಟಿದವು. ಮೇಲಿನವರು ಕೋಡಿಯನ್ನು ಒಂದು ಅಡಿ ಎತ್ತರಿಸಿದರೂ ಕೆಳಗಿನವರ ಪಾಲು ಕಡಿಮೆಯಾಗುತ್ತದೆ.

ಆದ್ದರಿಂದ ಮೊದಲು ನೀರು ಬರುವ ದಾರಿಯಲ್ಲಿ ಹಿಮ್ಮುಖವಾಗಿ ನಡೆಯಿರಿ. ನಿಮ್ಮ ಜಿಲ್ಲೆಯ ಒಂದು ಊರಿನಲ್ಲಿ ಇಂಥದೇ ದೂರು ಕೇಳಿ, ಹತ್ತು ಹನ್ನೆರಡು ಮಂದಿಯೊಂದಿಗೆ ನಾನು ಕೆರೆಗೆ ನೀರು ತರುವ ರಾಜಕಾಲುವೆಗುಂಟ ಮೂರು ಕಿಲೋಮೀಟರಿನಷ್ಟು ಮೇಲಕ್ಕೆ ನಡೆದಿದ್ದೆ. ಕೆರೆಯ ಬಾಯಲ್ಲಿ ಇಪ್ಪತ್ತು ಅಡಿಯಿದ್ದ ಕಾಲುವೆ ಅರ್ಧ ಕಿಲೋಮೀಟರು ದಾಟುವಷ್ಟರಲ್ಲಿ ಒಂದು ಎತ್ತಿನ ಗಾಡಿ ಹಿಡಿಸದಷ್ಟು ಕಿರಿದಾಗಿತ್ತು. ಎರಡೂ ಬದಿಯ ಹೊಲದವರು ವರ್ಷಕ್ಕೆ ಒಂದು ಸಾಲಿನಷ್ಟು ಒಳಕ್ಕೆ ಉಳುತ್ತ ಬಂದಿದ್ದರು. ಅದಕ್ಕಿಂತ ಮೇಲೆ ಹೊಸ ಡಾಂಬರು ರಸ್ತೆ ಕಾಲುವೆಯನ್ನು ದಾಟುವಲ್ಲಿ ಸಿಮೆಂಟಿನ ಕೊಳವೆ ಹೂತಿದ್ದರು. ಕೊಳವೆಯ ತಳ ಕಾಲುವೆಯ ತಳಕ್ಕಿಂತ ಒಂದೂವರೆ ಅಡಿ ಮೇಲಿತ್ತು. ಸಾಧಾರಣ ಮಳೆಯ ನೀರೆಲ್ಲ ರಸ್ತೆಯ ಆಚೆ ಬದಿಯಲ್ಲೇ ನಿಂತು, ಅಲ್ಲಿ ಜಂಬುಹುಲ್ಲು ಆಳೆತ್ತರ ಬೆಳೆದಿತ್ತು. ಜತೆಗಿದ್ದ ಹಿರಿಯರೊಬ್ಬರು ಕೋಲಿನಿಂದ ಕೊಳವೆಯ ತಳದ ಎತ್ತರವನ್ನು ಅಳೆದು, ಒಂದು ಮಾತೂ ಆಡದೆ ಮುಂದೆ ನಡೆದರು. ಕೆರೆಯೊಳಗೆ ಅವರು ಖರ್ಚು ಮಾಡಿದ್ದ ಲಕ್ಷಾಂತರ ರೂಪಾಯಿಗೆ ಆ ಒಂದೂವರೆ ಅಡಿ ಅಡ್ಡ ನಿಂತಿತ್ತು.

ಹೂಳೆತ್ತುವಾಗಲೂ ಒಂದು ಲೆಕ್ಕ ತಪ್ಪಿರಬಹುದು. ಕೆರೆಯ ನೀರು ಹೊರಬಿಡುವ ತೂಬಿನ ತಳಮಟ್ಟಕ್ಕಿಂತ ಕೆಳಗೆ ಎಷ್ಟು ಆಳ ತೋಡಿದರೂ ಆ ನೀರು ಅಚ್ಚುಕಟ್ಟಿನ ಗದ್ದೆಗಳಿಗೆ ಹರಿಯುವುದಿಲ್ಲ. ಯಂತ್ರ ಬಂದಿದೆಯೆಂಬ ಹುರುಪಿನಲ್ಲಿ ಕೆರೆಯಂಗಳದ ಜೇಡಿಮಣ್ಣಿನ ಪದರವನ್ನೂ ಬಗೆದು ಕೆಳಗಿನ ಗರಸು ತೆರೆದರೆ ನೀರು ಅಲ್ಲಿಯೇ ಇಂಗಿಹೋಗುತ್ತದೆ. ಬಾವಿಗಳಿಗೆ ಅದು ಲಾಭವಾದರೂ ಕೆರೆ ತುಂಬಿದಂತೆ ಕಾಣುವುದಿಲ್ಲ.

ಕಾಲುವೆಯ ಒತ್ತುವರಿಗೆ ಗ್ರಾಮ ನಕಾಶೆಯೇ ಆಧಾರ. ರಾಜಕಾಲುವೆ ಸಾಮಾನ್ಯವಾಗಿ ‘ಬಿ’ ಖರಾಬು, ಎಂದರೆ ಸಾರ್ವಜನಿಕ ಜಾಗ. ಗ್ರಾಮಸಭೆಯ ನಿರ್ಣಯದೊಂದಿಗೆ ತಹಶೀಲ್ದಾರರಿಗೆ ಅರ್ಜಿ ಕೊಟ್ಟು ಅಳತೆ ಮಾಡಿಸಿ, ಕಲ್ಲು ನೆಡಿಸಿ. ಕೆರೆಗಳ ಸಂರಕ್ಷಣೆಗೆಂದು 2014ರಲ್ಲಿ ಬಂದ ರಾಜ್ಯದ ಕಾಯ್ದೆಯೂ ನಿಮ್ಮ ಪರವಾಗಿದೆ. ಆದರೆ ಅರ್ಜಿ ಕೊಡುವ ಮೊದಲೇ ಮೇಲಿನ ಊರಿನವರನ್ನು ಕೂಡಿಸಿ ಮಾತಾಡುವುದು ಒಳಿತು. ನೋಟಿಸು ಮೊದಲು ಹೋದರೆ ಮಾತು ಆಮೇಲೆ ನಡೆಯುವುದಿಲ್ಲ.

ಇನ್ನೊಂದು ವಿಷಯ ಕಹಿಯಾದರೂ ಹೇಳಬೇಕು. ಮೇಲಿನ ಹೊಲಗಳಲ್ಲಿ ಈಗ ಬದುಗಳಿವೆ, ಕೃಷಿ ಹೊಂಡಗಳಿವೆ, ಅಲ್ಲಲ್ಲಿ ನೀಲಗಿರಿ ತೋಪುಗಳಿವೆ. ಬದು ಹಾಕಿ ತಮ್ಮ ಹೊಲದ ಮಳೆಯನ್ನು ತಮ್ಮಲ್ಲೇ ಇಂಗಿಸಿಕೊಳ್ಳುವುದು ತಪ್ಪಲ್ಲ. ದಿಣ್ಣೆಯಿಂದ ಕಣಿವೆಗೆ ಎಂಬ ಜಲಾನಯನದ ಪಾಠವೂ ಅದೇ. ಅವೆಲ್ಲ ಇರುವಾಗ ನಿಮ್ಮ ಕೆರೆ ಅಜ್ಜನ ಕಾಲದಂತೆ ಪ್ರತಿ ವರ್ಷ ಕೋಡಿ ಬೀಳಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ.

ಪ್ರಶ್ನೆ: ನಮ್ಮ ತೋಡಿಗೆ (ಸಣ್ಣ ಹಳ್ಳಕ್ಕೆ) ಹಿಂದೆ ಮಳೆಗಾಲ ಮುಗಿದೊಡನೆ ಎಲ್ಲರೂ ಸೇರಿ ಕಟ್ಟ (ತಾತ್ಕಾಲಿಕ ಒಡ್ಡು) ಹಾಕುತ್ತಿದ್ದರು. ಈಗ ಎಲ್ಲರ ತೋಟದಲ್ಲೂ ಕೊಳವೆಬಾವಿ. ನಾನೊಬ್ಬನೇ ಕಟ್ಟ ಹಾಕಿದರೆ ಪ್ರಯೋಜನವಿದೆಯೇ? (ಓದುಗರು, ಪುತ್ತೂರು)

ಉತ್ತರ: ಇದೆ, ಆದರೆ ಅದರ ಲಾಭದ ಹೆಚ್ಚಿನ ಪಾಲು ನಿಮ್ಮ ನೆರೆಯವರಿಗೆ ಹೋಗುತ್ತದೆ. ನವೆಂಬರ್, ಡಿಸೆಂಬರ್ ತಿಂಗಳಲ್ಲಿ ಹರಿವು ಇಳಿಯುವ ಹೊತ್ತಿಗೆ ಮಣ್ಣು, ಕಲ್ಲು, ಅಡಿಕೆ ಮರದ ಸಲಾಕೆಗಳಿಂದ ಹಾಕುವ ಕಟ್ಟ ತೋಡಿನಲ್ಲಿ ನಿಲ್ಲಿಸಿದ ನೀರಿಗಿಂತ ಹೆಚ್ಚನ್ನು ಎರಡೂ ದಂಡೆಗಳ ಒಳಕ್ಕೆ ಇಂಗಿಸುತ್ತದೆ. ಒಂದರ ನೀರು ಇನ್ನೊಂದರ ಬುಡ ಮುಟ್ಟುವಂತೆ ಸಾಲಾಗಿ ಕಟ್ಟ ಹಾಕಿದಾಗ ಅದರ ನಿಜವಾದ ಬಲ ತಿಳಿಯುತ್ತದೆ. ಕಾಸರಗೋಡು ಜಿಲ್ಲೆಯ ಏತಡ್ಕದಲ್ಲಿ ಇಂಥ ಸರಣಿ ಕಟ್ಟಗಳಿವೆ, ಒಮ್ಮೆ ಹೋಗಿ ನೋಡಿ ಬನ್ನಿ. ಈಗ ಮಣ್ಣು ಹೊರುವ ಆಳು ಸಿಗದಿದ್ದರೆ ಪ್ಲಾಸ್ಟಿಕ್ ಹಾಳೆಯ ಆಸರೆಯಿಂದ ಕೆಲಸ ಹಗುರವಾಗುತ್ತದೆ. ಈ ವರ್ಷ ನೀವೊಬ್ಬರೇ ಹಾಕಿ, ಮಾರ್ಚಿಯಲ್ಲಿ ಕೆಳಗಿನ ಮನೆಯವರ ತೆರೆದ ಬಾವಿಯ ನೀರಿನ ಮಟ್ಟವನ್ನು ಅವರ ಕೈಯಿಂದಲೇ ಅಳೆಯಿಸಿ.

ಪ್ರಶ್ನೆ: ಸುಜಲ ಯೋಜನೆಯ ಕಾಲದಲ್ಲಿ ನಮ್ಮೂರಲ್ಲಿ ಜಲಾನಯನ ಸಂಘ ಆಗಿತ್ತು. ಈಗ ಚೆಕ್ ಡ್ಯಾಮಿನ ಪಕ್ಕದ ಗೋಡೆ ಕುಸಿದು ನೀರು ಬದಿಯಿಂದ ಕೊರೆದು ಹೋಗುತ್ತಿದೆ. ಸಂಘದವರು ಇಲಾಖೆಯತ್ತ, ಇಲಾಖೆಯವರು ಪಂಚಾಯಿತಿಯತ್ತ ಕೈ ತೋರಿಸುತ್ತಾರೆ. ದುರಸ್ತಿ ಯಾರ ಹೊಣೆ? (ಓದುಗರು, ಹಾವೇರಿ ಜಿಲ್ಲೆ)

ಉತ್ತರ: ವಿಶ್ವಬ್ಯಾಂಕಿನ ನೆರವಿನಿಂದ 2001ರಿಂದ 2009ರವರೆಗೆ ನಡೆದ ಸುಜಲ ಯೋಜನೆ ಕೋಲಾರ, ತುಮಕೂರು, ಚಿತ್ರದುರ್ಗ, ಹಾವೇರಿ, ಧಾರವಾಡ ಜಿಲ್ಲೆಗಳಲ್ಲಿ ಊರಿನವರನ್ನೇ ಯೋಜನೆಯ ತೀರ್ಮಾನಗಳಲ್ಲಿ ಸೇರಿಸಿಕೊಂಡಿತ್ತು. ಅಷ್ಟರ ಮಟ್ಟಿಗೆ ಅದು ಹಿಂದಿನವಕ್ಕಿಂತ ಮೇಲು. ಆದರೆ ಹಣ ಬರುವವರೆಗೆ ಸಭೆ ಸೇರುವ ಸಂಘ ಹಣ ನಿಂತ ಮೇಲೂ ಸೇರಬೇಕಾದರೆ ಅದಕ್ಕೆ ತನ್ನದೇ ಆದಾಯ ಬೇಕು. ನಮ್ಮ ಹಿಂದಿನವರು ಇದನ್ನು ಬಲ್ಲವರಾಗಿದ್ದರು. ಕೆರೆ ಕಟ್ಟಿಸಿದವರಿಗೆ, ದುರಸ್ತಿಯ ಹೊಣೆ ಹೊತ್ತವರಿಗೆ ಕಟ್ಟುಕೊಡಿಗೆಯೆಂದು ಜಮೀನು ಬಿಡುತ್ತಿದ್ದರು. ತೂಬು ಎತ್ತಿ ಇಳಿಸಿ ಗದ್ದೆಗಳಿಗೆ ಸರದಿಯಂತೆ ನೀರು ಹಾಯಿಸುವ ನೀರುಗಂಟಿಗೆ ಸುಗ್ಗಿಯಲ್ಲಿ ಕಣದಿಂದಲೇ ಕಾಳು ಅಳೆಯುತ್ತಿದ್ದರು. ವಂಶಪಾರಂಪರ್ಯ ಗ್ರಾಮಾಧಿಕಾರಗಳನ್ನು ರದ್ದು ಮಾಡಿದ 1961ರ ಕಾಯ್ದೆಯಿಂದ ನೀರುಗಂಟಿಯ ಅಧಿಕೃತ ಹುದ್ದೆಯೂ ಹೋಯಿತು. ಜಾತಿಗೆ ಕಟ್ಟಿದ ಆ ಚಾಕರಿ ಹೋದದ್ದಕ್ಕೆ ನಾನು ಮರುಗುವುದಿಲ್ಲ. ಆ ಕೆಲಸಕ್ಕೆ ಕೂಲಿ ಕೊಡುವ ಬೇರೆ ಏರ್ಪಾಡನ್ನು ಯಾರೂ ಮಾಡಲಿಲ್ಲವೆಂಬುದು ನನ್ನ ದೂರು.

2008ರ ಜಲಾನಯನ ಮಾರ್ಗಸೂಚಿಯ ಪ್ರಕಾರ ಖಾಸಗಿ ಜಮೀನಿನ ಕಾಮಗಾರಿಗೆ ರೈತರು ವೆಚ್ಚದ ಕನಿಷ್ಠ ಶೇ. 10ರಷ್ಟನ್ನು, ಪರಿಶಿಷ್ಟರು ಮತ್ತು ಸಣ್ಣ, ಅತಿಸಣ್ಣ ರೈತರು ಶೇ. 5ರಷ್ಟನ್ನು ವಂತಿಗೆಯಾಗಿ ಕೊಡಬೇಕಿತ್ತು. ಆ ನಿಧಿ ಇದ್ದದ್ದೇ ಮುಂದಿನ ನಿರ್ವಹಣೆಗೆ. ನಿಮ್ಮದು ಅದಕ್ಕಿಂತ ಹಿಂದಿನ ಯೋಜನೆಯಾದರೂ ಸಂಘದ ಹೆಸರಿನಲ್ಲಿ ಬ್ಯಾಂಕ್ ಖಾತೆ ಇದ್ದೇ ಇರುತ್ತದೆ. ಹಳೆಯ ಪಾಸ್‌ಬುಕ್ ಹುಡುಕಿಸಿ, ಗ್ರಾಮಸಭೆಯಲ್ಲಿ ಓದಿಸಿ. ಗೋಡೆಯ ದುರಸ್ತಿಯನ್ನು ಪಂಚಾಯಿತಿಯ ಕ್ರಿಯಾಯೋಜನೆಗೆ ಸೇರಿಸಲು ಒತ್ತಾಯಿಸಿ. ಅಲ್ಲಿಯವರೆಗೆ ಕೊರಕಲಿಗೆ ಕಲ್ಲು, ಮರಳು ತುಂಬಿದ ಚೀಲಗಳನ್ನಾದರೂ ಒಡ್ಡಿ, ಏಕೆಂದರೆ ಬದಿ ಕೊರೆದ ಚೆಕ್ ಡ್ಯಾಮು ಇನ್ನೆರಡು ದೊಡ್ಡ ಮಳೆಗೆ ಪಕ್ಕದ ಹೊಲವನ್ನೇ ಹಳ್ಳ ಮಾಡುತ್ತದೆ.

ಪ್ರಶ್ನೆ: ಹಳ್ಳಕ್ಕೆ ತಡೆ ಹಾಕಿ, ಬದು ಹಾಕಿ ಅಂತರ್ಜಲ ಏರಿಸಿದ್ದಾಯಿತು. ಅದನ್ನು ಕಂಡು ಮೇಲುಗಡೆಯವರು ಹೊಸ ಕೊಳವೆಬಾವಿ ಕೊರೆಸಿ ಅಡಿಕೆ ಹಾಕುತ್ತಿದ್ದಾರೆ. ತಡೆಯುವ ಅಧಿಕಾರ ಊರಿಗಿದೆಯೇ? (ಓದುಗರು, ಶಿರಾ)

ಉತ್ತರ: ಅಧಿಕಾರಕ್ಕಿಂತ ಮೊದಲು ಲೆಕ್ಕ. ಒಂದು ಹೆಕ್ಟೇರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ 10 ಸಾವಿರ ಲೀಟರ್. ನಿಮ್ಮ ಕಿರು ಜಲಾನಯನ 500 ಹೆಕ್ಟೇರ್, ವರ್ಷದ ಮಳೆ 600 ಮಿಲಿಮೀಟರ್ ಎಂದುಕೊಂಡರೆ ಒಟ್ಟು ಬೀಳುವುದು 300 ಕೋಟಿ ಲೀಟರ್. ನಮ್ಮ ಗಟ್ಟಿ ಬಂಡೆಯ ಸೀಮೆಯಲ್ಲಿ ಅದರ ಹತ್ತರಲ್ಲೊಂದು ಪಾಲು ಆಳಕ್ಕೆ ಇಳಿದರೆ ಅದೇ ಹೆಚ್ಚು. ಅಲ್ಲಿಗೆ 30 ಕೋಟಿ. ಎಕರೆಗೆ 540 ಅಡಿಕೆ ಗಿಡ, ಹನಿ ನೀರಾವರಿಯಲ್ಲಿ ಗಿಡಕ್ಕೆ ದಿನಕ್ಕೆ 20 ಲೀಟರ್, ವರ್ಷದಲ್ಲಿ 200 ದಿನ ಎಂದರೂ ಎಕರೆಗೆ 21 ಲಕ್ಷ 60 ಸಾವಿರ ಲೀಟರ್ ಬೇಕು. ಎಂದರೆ 500 ಹೆಕ್ಟೇರ್, ಅರ್ಥಾತ್ 1,200 ಎಕರೆಗೂ ಮಿಕ್ಕಿದ ನೆಲದ ಅಂತರ್ಜಲವನ್ನು 140 ಎಕರೆ ಅಡಿಕೆ ಪೂರ್ತಿಯಾಗಿ ಕುಡಿದುಬಿಡುತ್ತದೆ. ಕುಡಿಯುವ ನೀರು, ದನಕರು, ರಾಗಿ ಯಾವುದಕ್ಕೂ ಉಳಿಯುವುದಿಲ್ಲ. ಈ ಲೆಕ್ಕವನ್ನು ಶಾಲೆಯ ಗೋಡೆಯ ಮೇಲೆ ಸುಣ್ಣದಲ್ಲಿ ಬರೆಸಿ. ಅಡಿಕೆ ಹಾಕಿದವರೂ ಓದುತ್ತಾರೆ, ಏಕೆಂದರೆ ನಾಳೆ ಒಣಗುವುದು ಅವರ ತೋಟವೂ ಹೌದು.

ಇದು ಬರೀ ಕಲ್ಪನೆಯಲ್ಲ. ಮಹಾರಾಷ್ಟ್ರದ ಅಹಿಲ್ಯಾನಗರ (ಹಿಂದಿನ ಅಹ್ಮದ್‌ನಗರ) ಜಿಲ್ಲೆಯ ಹಿವರೆ ಬಾಜಾರಿನಲ್ಲಿ, 1989ರಲ್ಲಿ ಸರಪಂಚರಾದ ಪೋಪಟ್‌ರಾವ್ ಪವಾರ್ ಅವರ ನೇತೃತ್ವದಲ್ಲಿ ಊರಿನವರು ಗುಡ್ಡದ ಮೇಲೆ ಕಂದಕ ತೋಡಿದ್ದು ಎಲ್ಲರಿಗೂ ಗೊತ್ತು. ನೋಡಲು ಹೋದ ನಮ್ಮವರು ಕಂದಕದ ಚಿತ್ರ ತೆಗೆದುಕೊಂಡು ಬರುತ್ತಾರೆ. ಆ ಊರು ಉಳಿದದ್ದು ಬೇಸಾಯಕ್ಕೆ ಕೊಳವೆಬಾವಿ ಕೊರೆಸಬಾರದು, ಕಬ್ಬು ಬಾಳೆಯಂಥ ಬೆಳೆ ಬೇಡ ಎಂಬ ಕಟ್ಟುಪಾಡಿನಿಂದ. ಮಳೆಗಾಲ ಮುಗಿದಾಗ ನೀರಿನ ಜಮಾಖರ್ಚು ಮಾಡಿ, ಕುಡಿಯಲು ಎತ್ತಿಟ್ಟ ಮೇಲೆ ಉಳಿದದ್ದರಲ್ಲಿ ಯಾವ ಬೆಳೆ ಎಂದು ಗ್ರಾಮಸಭೆಯಲ್ಲಿ ತೀರ್ಮಾನಿಸುವ ರೂಢಿಯಿಂದ. ನಿಷೇಧ ನಿಮ್ಮಲ್ಲಿ ನಡೆಯದೆಂದು ತೋರಿದರೆ ನೆರೆಯ ಅವಿಭಜಿತ ಆಂಧ್ರಪ್ರದೇಶದ ದಾರಿಯೂ ಇದೆ. ಅಲ್ಲಿ 2003ರಿಂದ ಅನಂತಪುರ ಸೇರಿ ಏಳು ಜಿಲ್ಲೆಗಳಲ್ಲಿ ರೈತರು ತಾವೇ ಮಳೆಮಾಪಕ ಇಟ್ಟು, ಕೊಳವೆಬಾವಿಗಳ ನೀರಿನ ಮಟ್ಟ ಅಳೆದು, ಹಿಂಗಾರಿಗೆ ಮುಂಚೆ ಬೆಳೆಯ ಲೆಕ್ಕ ಹಾಕುವ ಪದ್ಧತಿ ಬೆಳೆಯಿತು. ಯಾರೂ ಯಾರಿಗೂ ‘ಬೇಡ’ ಎನ್ನಲಿಲ್ಲ.

ಕಾನೂನಿನ ಮಾತೂ ಇದೆ. ರಾಜ್ಯದ 2011ರ ಅಂತರ್ಜಲ ಕಾಯ್ದೆಯಂತೆ ಅಧಿಸೂಚಿತ ತಾಲ್ಲೂಕುಗಳಲ್ಲಿ ಅನುಮತಿಯಿಲ್ಲದೆ ಕೊಳವೆಬಾವಿ ಕೊರೆಯುವಂತಿಲ್ಲ. ರಾತ್ರಿ ಬಂದು ಬೆಳಗಾಗುವಷ್ಟರಲ್ಲಿ ಹೋಗುವ ರಿಗ್ ಲಾರಿಯ ಮುಂದೆ ಈ ಕಾಯ್ದೆ ಎಷ್ಟು ನಡೆಯುತ್ತದೆಂಬುದನ್ನು ನನಗಿಂತ ನೀವೇ ಚೆನ್ನಾಗಿ ಬಲ್ಲಿರಿ.

ಪ್ರಶ್ನೆ: ಜಲಾನಯನದ ಹೆಸರಿನಲ್ಲಿ ಗೋಮಾಳದ ಗುಡ್ಡಕ್ಕೆ ಬೇಲಿ ಹಾಕಿ ಗಿಡ ನೆಟ್ಟಿದ್ದಾರೆ. ನಮಗೆ ಹೊಲವಿಲ್ಲ, ಇರುವುದು ಅರವತ್ತು ಕುರಿ ಮೇಕೆ. ಕೆರೆ ತುಂಬಿದರೆ ನಮಗೇನು? (ಓದುಗರು, ಹಿರಿಯೂರು ತಾಲ್ಲೂಕು)

ಉತ್ತರ: ಈ ಪ್ರಶ್ನೆ ಜಲಾನಯನ ಸಭೆಗಳಲ್ಲಿ ಎಲ್ಲಕ್ಕಿಂತ ಮೊದಲು ಬರಬೇಕು, ಬರುವುದು ಬೇಲಿ ಮುರಿದ ಮೇಲೆ. ಹರಿಯಾಣದ ಶಿವಾಲಿಕ್ ತಪ್ಪಲಿನ ಸುಖೋಮಾಜ್ರಿ ಎಂಬ ಊರಿನ ಕಥೆ ನಿಮಗೂ ನಿಮ್ಮೂರ ಸಂಘಕ್ಕೂ ಉಪಯೋಗಕ್ಕೆ ಬಂದೀತು. 1958ರಲ್ಲಿ ಕಟ್ಟಿದ ಚಂಡೀಗಢದ ಸುಖನಾ ಸರೋವರ ಹೂಳಿನಿಂದ ತುಂಬುತ್ತಿತ್ತು. ಹೂಳು ಬರುತ್ತಿದ್ದದ್ದು ಆ ಊರಿನ ಸುತ್ತಲ ಬೋಳಾದ ಗುಡ್ಡಗಳಿಂದ, ಗುಡ್ಡ ಬೋಳಾದದ್ದು ಹೆಚ್ಚಾಗಿ ಮೇಯಿಸುವಿಕೆಯಿಂದ. 1970ರ ದಶಕದಲ್ಲಿ ಮಣ್ಣು ಸಂರಕ್ಷಣಾ ವಿಜ್ಞಾನಿ ಪಿ. ಆರ್. ಮಿಶ್ರಾ ಅವರು ಊರಿನ ಮೇಲುಗಡೆ ಸಣ್ಣ ಒಡ್ಡುಗಳನ್ನು ಕಟ್ಟಿಸಿದರು. ಆ ನೀರು ಹೊಲವಿದ್ದವರ ಪಾಲಾದರೆ ಮೇಕೆಯವರು ಗುಡ್ಡ ಬಿಟ್ಟುಕೊಡುವುದೇಕೆ ಎಂಬ ವಾದ ಎದ್ದಿತು. ಕೊನೆಗೆ ಆದ ಒಪ್ಪಂದವೆಂದರೆ, ಹೊಲವಿರಲಿ ಇಲ್ಲದಿರಲಿ, ಒಡ್ಡಿನ ನೀರಿನಲ್ಲಿ ಪ್ರತಿ ಮನೆಗೂ ಸಮಪಾಲು. ಹೊಲವಿಲ್ಲದವರು ತಮ್ಮ ಪಾಲನ್ನು ಇತರರಿಗೆ ಮಾರಬಹುದು. ಗುಡ್ಡದಲ್ಲಿ ಬೆಳೆದ ಹುಲ್ಲನ್ನು ಕೊಯ್ದುಕೊಳ್ಳುವ ಹಕ್ಕೂ ಊರಿಗೇ ದೊರೆಯಿತು. ಬೇಲಿಯಿಲ್ಲದೆ ಗುಡ್ಡ ಹಸಿರಾಯಿತು, ಮೇಕೆ ಇಳಿದು ಎಮ್ಮೆ ಹೆಚ್ಚಿದವು.

ಅಲ್ಲಿ ನಡೆದದ್ದು ಇಲ್ಲಿ ಹಾಗೆಯೇ ನಡೆಯಲಾರದು. ಅರವತ್ತು ಕುರಿಯ ಮಂದೆಯನ್ನು ಕೊಟ್ಟಿಗೆಯಲ್ಲಿ ಕಟ್ಟಿ ಮೇಯಿಸಿರೆಂದು ಹೇಳುವವರು ಕುರಿ ಸಾಕಿದವರಲ್ಲ. ನೀವು ಕೇಳಬೇಕಾದದ್ದು ಮೂರು. ಗುಡ್ಡವನ್ನು ಒಟ್ಟಿಗೆ ಮುಚ್ಚದೆ ಭಾಗ ಮಾಡಿ ಸರದಿಯಂತೆ ಮುಚ್ಚಬೇಕು. ಮುಚ್ಚಿದ ಭಾಗದ ಹುಲ್ಲನ್ನು ಹರಾಜು ಹಾಕದೆ ಹೊಲವಿಲ್ಲದವರಿಗೆ ಕೊಯ್ಯಲು ಬಿಡಬೇಕು. ಮಂದೆಗೆ ನೀರು ಕುಡಿಸುವ ಗೋಕಟ್ಟೆಯನ್ನು ಯೋಜನೆಯ ಹಣದಲ್ಲೇ ದುರಸ್ತಿ ಮಾಡಿಸಬೇಕು. ಸಂಘದ ಸಭೆ ಸಾಮಾನ್ಯವಾಗಿ ಹಗಲು ಹನ್ನೊಂದಕ್ಕೆ, ನೀವು ಕುರಿಯ ಹಿಂದಿರುವ ಹೊತ್ತಿಗೆ ಕರೆಯುತ್ತಾರೆ. ಅದನ್ನು ಕುರಿ ರೊಪ್ಪಕ್ಕೆ ಸೇರಿದ ಮೇಲೆ, ರಾತ್ರಿ ಎಂಟಕ್ಕೆ ಇಡುವಂತೆ ಅಧ್ಯಕ್ಷರಿಗೆ ಮೊದಲು ಹೇಳಿ.