ಬಾಲ್ ಪೈಥಾನ್‌ಗೆ ಚಳಿಯೇ? ಇನ್ನೊಂದು ಬಲ್ಬ್ ಬೇಡ, ಥರ್ಮೋಸ್ಟಾಟ್ ತನ್ನಿ

ಸಾಕಿದ ಬಾಲ್ ಪೈಥಾನ್‌ಗೆ (ಆಫ್ರಿಕದ ಸಣ್ಣ ಹೆಬ್ಬಾವು) ಚಳಿಯಾಗುತ್ತಿದೆ, ಇನ್ನೊಂದು ಬಲ್ಬ್ ಹಾಕಲೇ ಎಂದು ಕೇಳಿದ್ದೀರಿ. ದಯವಿಟ್ಟು ಎರಡನೆಯ ಬಲ್ಬ್ ಹಾಕಬೇಡಿ ಮಾರಾಯರೆ. ಉಳಿದದ್ದನ್ನು ನಿಧಾನವಾಗಿ ಓದಿ.

ನಿಮ್ಮ ಮಣಿಪಾಲದ ಮನೆಯಲ್ಲಿ ಬೆಳಗಿನ ಜಾವ ಗಾಜಿನ ತೊಟ್ಟಿಯೊಳಗೆ 22 ಡಿಗ್ರಿ ತೋರಿಸುತ್ತಿದೆ, 60 ವ್ಯಾಟಿನ ಬಲ್ಬ್ ಹಗಲು ರಾತ್ರಿ ಉರಿಯುತ್ತಿದೆ, ಹಾವು ಮೂರು ವಾರಗಳಿಂದ ಇಲಿ ಮುಟ್ಟಿಲ್ಲ ಎಂದು ಬರೆದಿದ್ದೀರಿ. ಮಧ್ಯಾಹ್ನ ಎರಡು ಗಂಟೆಗೆ ಎಷ್ಟಿತ್ತು ಎಂದು ಬರೆದಿಲ್ಲ. ನನಗೆ ಹೆದರಿಕೆ ಅದರದ್ದೇ. ಹಿಮ ಬೀಳುವ ದೇಶದವರ ವಿಡಿಯೊ ನೋಡಿ ನಾವು ತೊಟ್ಟಿ ಸಿದ್ಧಮಾಡುತ್ತೇವೆ. ಅಲ್ಲಿ ಚಳಿ ತಿಂಗಳುಗಟ್ಟಲೆ ಬಿಡುವುದಿಲ್ಲ. ನಮ್ಮ ಕರಾವಳಿಯಲ್ಲಿ ಡಿಸೆಂಬರ್, ಜನವರಿಯಲ್ಲಿ ಬೆಳಗ್ಗೆ 21ಕ್ಕೆ ಇಳಿದದ್ದು ಮಧ್ಯಾಹ್ನಕ್ಕೆ 32, 33ಕ್ಕೆ ಏರುತ್ತದೆ. ಬಿಸಿ ಬೇಕಾದದ್ದು ರಾತ್ರಿಯ ಏಳೆಂಟು ಗಂಟೆ ಮಾತ್ರ. ಆರಬೇಕಾದ ಹೊತ್ತಿಗೆ ತಾನಾಗಿ ಆರುವ ಬಿಸಿ ಬೇಕು. ಹಾಗೆ ಆರಿಸಿ ಹೊತ್ತಿಸುವ ಸಾಧನವೇ ಥರ್ಮೋಸ್ಟಾಟ್.

ಥರ್ಮೋಸ್ಟಾಟ್ ಇಲ್ಲದೆ ಬಿಸಿ ಕೊಟ್ಟರೆ ಏನಾಗುತ್ತದೆ ಎಂಬುದನ್ನು ನನ್ನ ಕಣ್ಣಾರೆ ಕಂಡಿದ್ದೇನೆ. ಮೊದಲ ವರ್ಷ ಮಂಗಳೂರಿನ ಬಾಡಿಗೆ ಮನೆಯಲ್ಲಿ ಹೀಟ್ ಮ್ಯಾಟನ್ನು (ಕರೆಂಟಿನಿಂದ ಬಿಸಿಯಾಗುವ ತೆಳು ಹಾಳೆ) ನೇರವಾಗಿ ಪ್ಲಗ್ಗಿಗೆ ಸಿಕ್ಕಿಸಿ ಬಿಟ್ಟಿದ್ದೆ. ಹತ್ತನೆಯ ದಿನ ಹಾವನ್ನು ಎತ್ತಿದಾಗ ಹೊಟ್ಟೆಯಡಿಯ ಐದಾರು ಹುರುಪೆಗಳು ಕೆಂಡದ ಮೇಲಿಟ್ಟ ಹಪ್ಪಳದ ಅಂಚಿನಂತೆ ಕಂದಾಗಿ ಮುದುಡಿದ್ದವು. ಅಡಿಯಿಂದ ಸುಡುತ್ತಿದ್ದರೂ ಹಾವು ಎಷ್ಟೋ ಸಲ ಜಾಗ ಬಿಟ್ಟು ಏಳುವುದಿಲ್ಲ, ಅಲ್ಲೇ ಸುತ್ತಿಕೊಂಡು ಮಲಗಿರುತ್ತದೆ. ಪಶುವೈದ್ಯರು ಕೊಟ್ಟ ಮುಲಾಮು ಹಚ್ಚಿ, ಮೂರು ಸಲ ಪೊರೆ ಬಿಟ್ಟ ಮೇಲೆಯೇ ಆ ಕಲೆ ಮಾಸಿದ್ದು. ಆ ನೋವನ್ನು ನಿಮ್ಮ ಹಾವು ತಿನ್ನುವುದು ಬೇಡ.

ಕೋಳಿಮೊಟ್ಟೆ ಮರಿಮಾಡಿಸುವ ಪೆಟ್ಟಿಗೆಗೆ ಹಾಕುವ ಎಸ್‌ಟಿಸಿ-1000 ಥರ್ಮೋಸ್ಟಾಟ್ ಸಾಕು, ಸಾವಿರ ರೂಪಾಯಿಯೊಳಗೆ ಸಿಗುತ್ತದೆ. ಬಿಗಿಯಾಗಿ ತಂತಿ ಜೋಡಿಸಲು ಎಲೆಕ್ಟ್ರಿಷಿಯನ್‌ನನ್ನೇ ಕರೆಸಿ. ತೊಟ್ಟಿಯ ತಳದ ಮೂರನೆಯ ಒಂದು ಭಾಗಕ್ಕೆ, ಒಂದೇ ತುದಿಯಲ್ಲಿ, ಹೊರಗಿನಿಂದ ಹೀಟ್ ಮ್ಯಾಟ್ ಅಂಟಿಸಿ. ಥರ್ಮೋಸ್ಟಾಟಿನ ಸೆನ್ಸರ್ ಆ ಮ್ಯಾಟಿಗೇ ತಾಗಿರಬೇಕು. ಒಳಗೆ ಬಿಟ್ಟರೆ ಹಾವು ಅದನ್ನು ಎಳೆದು ಹಾಕುತ್ತದೆ, ನೀರು ಚೆಲ್ಲಿ ಒದ್ದೆಯಾದರೆ ಲೆಕ್ಕವೂ ತಪ್ಪುತ್ತದೆ. ಇನ್ನೊಂದು ಡಿಜಿಟಲ್ ಥರ್ಮಾಮೀಟರಿನಿಂದ ಒಳಗಿನ ನೆಲವನ್ನು ಅಳೆದು, ಬಿಸಿ ತುದಿಯಲ್ಲಿ 31, 32 ಡಿಗ್ರಿ ನಿಲ್ಲುವವರೆಗೆ ಹೊಂದಿಸುತ್ತಾ ಹೋಗಿ. ತಣ್ಣನೆಯ ತುದಿ 25, 26 ಇರಲಿ. ಗಾಜಿಗೆ ಅಂಟಿಸುವ ಗಡಿಯಾರದಂಥ ಮುಳ್ಳಿನ ಮಾಪಕವನ್ನು ಮಾತ್ರ ನಂಬಬೇಡಿ.

ಇಷ್ಟರ ಮೇಲೂ ರಾತ್ರಿ ತಣ್ಣನೆಯ ತುದಿ 24ಕ್ಕಿಂತ ಕೆಳಗೆ ಹೋದರೆ ಬಿಸಿ ಹೆಚ್ಚಿಸುವ ಬದಲು ಇದ್ದ ಬಿಸಿ ಹೊರಹೋಗದಂತೆ ನೋಡಿಕೊಳ್ಳಿ. ತೊಟ್ಟಿಯನ್ನು ರೆಡ್ ಆಕ್ಸೈಡ್ ನೆಲದಿಂದ ಎತ್ತಿ ಬೆಂಚಿನ ಮೇಲಿಡಿ. ಜಾಲರಿ ಮುಚ್ಚಳದ ಮುಕ್ಕಾಲು ಭಾಗಕ್ಕೆ ಬಟ್ಟೆ ಹೊದೆಸಿ, ಆದರೆ ಬಲ್ಬ್ ಇದ್ದಲ್ಲಿ ಬೇಡವೇ ಬೇಡ. ಮಲ್ಪೆಯಿಂದ ಮೀನು ಬರುವ ಥರ್ಮೋಕೋಲ್ ಪೆಟ್ಟಿಗೆಗಳನ್ನು ತೊಳೆದು ಒಣಗಿಸಿ, ಹಲಗೆಯಂತೆ ಕೊಯ್ದು ಹಿಂಬದಿಗೂ ಎರಡು ಬದಿಗೂ ಒರಗಿಸಿ. ಮ್ಯಾಟ್, ತಂತಿ, ಬಲ್ಬಿನ ಹತ್ತಿರ ಅದು ಸುಳಿಯಬಾರದು, ಬೆಂಕಿ ಹತ್ತಿಕೊಳ್ಳುವ ವಸ್ತು. ನನ್ನಲ್ಲಿ ಇಷ್ಟಕ್ಕೇ ಎರಡು ಡಿಗ್ರಿ ಉಳಿಯಿತು.

ಅಡಗಲು ಹಳೆಯ ಮಂಗಳೂರು ಹೆಂಚನ್ನೇ ಇಡಿ, ಅದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ತೊಳೆದು, ಅಲುಗದಂತೆ ಕೂರಿಸಿ, ಬಿಸಿ ತುದಿಯಲ್ಲಿ ಒಂದು, ತಣ್ಣನೆಯ ತುದಿಯಲ್ಲಿ ಒಂದು. ಕರೆಂಟ್ ಹೋದ ಮೇಲೂ ಮಣ್ಣಿನ ಹೆಂಚು ತುಸು ಹೊತ್ತು ಬೆಚ್ಚಗಿರುತ್ತದೆ. ಬಾಲ್ ಪೈಥಾನ್ ಪಶ್ಚಿಮ ಆಫ್ರಿಕದ ಹಾವು. ಅಲ್ಲಿ ಇಲಿಬಿಲಗಳಲ್ಲಿ, ಗೆದ್ದಲ ಹುತ್ತಗಳಲ್ಲಿ ಹಗಲು ಕಳೆಯುತ್ತದೆ. ಹುತ್ತದೊಳಗೆ ಬಿಸಿ ಹಿತವಾಗಿರುತ್ತದೆ, ತೇವವೂ ಇರುತ್ತದೆ. ನಮ್ಮಲ್ಲಿ ಈಗ ಮೂಡಣ ಗಾಳಿ ಬೀಸಿ ತುಟಿ ಒಡೆಯುವ ಕಾಲ, ಹಗಲಿರುಳು ಉರಿಯುವ ಬಲ್ಬ್ ಇದ್ದ ತೇವವನ್ನೂ ಹೀರುತ್ತದೆ. ತೇವಾಂಶ ಶೇಕಡಾ 60ರ ಆಸುಪಾಸಿನಲ್ಲಿರಲಿ, ಇಲ್ಲವಾದರೆ ಪೊರೆ ಚೂರುಚೂರಾಗಿ ಅಂಟಿಕೊಳ್ಳುತ್ತದೆ. ತೆಂಗಿನ ನಾರಿನ ಪುಡಿ ಹಾಸಿ, ಒಂದು ಮೂಲೆ ತೇವವಾಗಿಡಿ. ಮ್ಯಾಟಿನ ಮೇಲೆ ಮಾತ್ರ ಬೆರಳಗಲಕ್ಕಿಂತ ದಪ್ಪ ಹಾಸಬೇಡಿ, ಬಿಸಿ ಮೇಲೆ ಬರುವುದಿಲ್ಲ.

ಕರೆಂಟ್ ಹೋದರೆ ಬಾಟಲಿಗೆ ಬಿಸಿನೀರು ತುಂಬಿ, ಬೈರಾಸಿನಲ್ಲಿ ಸುತ್ತಿ, ಹಾವಿಗೆ ತಾಗದಂತೆ ಒಂದು ಬದಿಗಿಡಿ.

ಇಲ್ಲಿ ಇನ್ನೊಬ್ಬರು ತೋಟದಲ್ಲಿ ಸಿಕ್ಕ ಹೆಬ್ಬಾವಿನ ಮರಿಗೂ ಹೀಗೆಯೇ ಮಾಡಬಹುದೇ ಎಂದು ಕೇಳಿದ್ದಾರೆ. ಬೇಡ, ಅದನ್ನು ಸಾಕುವುದೇ ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ನಮ್ಮ ಹೆಬ್ಬಾವು ಮೊದಲನೆಯ ಅನುಸೂಚಿಯಲ್ಲಿದೆ. ಇವತ್ತೇ ಅರಣ್ಯ ಇಲಾಖೆಗೆ ತಿಳಿಸಿ. ನಾಗಬನಕ್ಕೆ ಕೊಡಲಿ ತಾಗಿಸದ ಊರಿನವರು ನಾವು, ಆ ಮರಿಯೂ ತನ್ನ ಕಾಡಿನಲ್ಲೇ ಬೆಳೆಯಲಿ. ಬಾಲ್ ಪೈಥಾನ್ ಇಟ್ಟುಕೊಂಡವರೂ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ಅದನ್ನು ನೋಂದಾಯಿಸಿರಬೇಕು.

ಇನ್ನು ಇಲಿಯ ವಿಚಾರ. ಚಳಿಗಾಲದಲ್ಲಿ ಬಾಲ್ ಪೈಥಾನ್‌ಗಳು, ಅದರಲ್ಲೂ ದೊಡ್ಡ ಗಂಡುಗಳು, ವಾರಗಟ್ಟಲೆ ಉಪವಾಸವಿರುವುದುಂಟು. ಇವತ್ತೇ ಅಡುಗೆಮನೆಯ ತಕ್ಕಡಿಯಲ್ಲಿ ತೂಕ ನೋಡಿ ಬರೆದಿಡಿ. ಹತ್ತರಲ್ಲಿ ಒಂದು ಪಾಲು ತೂಕ ಇಳಿದರೆ, ಬಾಯಿಯಲ್ಲಿ ನೊರೆಗುಳ್ಳೆ ಕಂಡರೆ, ಬಾಯಿ ತೆರೆದು ಉಸಿರಾಡಿದರೆ ಕಾಯದೆ ವೈದ್ಯರ ಬಳಿ ಹೋಗಿ. ಇಲ್ಲವಾದರೆ ಬಿಸಿ ಏಳು ದಿನ ಸರಿಯಾಗಿ ನಿಲ್ಲಲಿ, ಅಲ್ಲಿಯವರೆಗೆ ಇಲಿ ಕೊಡಲೇಬೇಡಿ. ತಣ್ಣಗಿರುವ ಹಾವಿಗೆ ನುಂಗಿದ್ದು ಅರಗದೆ ಹೊಟ್ಟೆಯಲ್ಲೇ ಕೊಳೆಯಬಹುದು. ಎಂಟನೆಯ ದಿನ ಕತ್ತಲಾದ ಮೇಲೆ, ಬಿಸಿನೀರಿನಲ್ಲಿ ಬೆಚ್ಚಗೆ ಮಾಡಿದ ಸತ್ತ ಸಣ್ಣ ಇಲಿಯನ್ನು ಇಕ್ಕುಳದಲ್ಲಿ ಹಿಡಿದು ತೋರಿಸಿ. ಮುಟ್ಟದಿದ್ದರೆ ತೆಗೆದುಬಿಡಿ, ಹತ್ತು ದಿನ ಬಿಟ್ಟು ಮತ್ತೆ ಕೊಡಿ. ನಾಳೆ ಮಧ್ಯಾಹ್ನ ಎರಡು ಗಂಟೆಗೆ ಎರಡೂ ತುದಿಗಳನ್ನು ಅಳೆದು ಇಲ್ಲಿ ಬರೆಯಿರಿ, ನೋಡಿ ಹೇಳುತ್ತೇನೆ.