ಮಗನ ಐಕ್ಯೂ 92, ಅಪ್ಪನ ಬಾಯಿಗೆ ಬರದ ಒಂದು ಮಾತು

(ಗುರುತು ಸಿಗದ ಹಾಗೆ ವಿವರ ಬದಲಾಯಿಸಿದೀನಿ.)

ಅಪ್ಪ ಇಂಜಿನಿಯರ್, ಮಗ ಆರನೇ ಕ್ಲಾಸು. ನನ್ನ ಹತ್ರ ಸಲಹೆಗೆ ಬಂದಿದ್ರು. ಎಲ್ಲೋ ಬುದ್ಧಿಮತ್ತೆ (ಐಕ್ಯೂ) ಟೆಸ್ಟ್ ಮಾಡಿಸಿದ ರಿಪೋರ್ಟ್ ಟೇಬಲ್ ಮೇಲಿಟ್ಟು, ಹುಡುಗ ಪಕ್ಕದಲ್ಲೇ ಕೂತಿದಾನೆ ಅನ್ನೋ ಪರಿವೆನೂ ಇಲ್ದೆ "ಐಕ್ಯೂ 92 ಅಂತೆ ಮೇಡಂ, ನಮ್ಮನೇಲಿ ಯಾರೂ ಹೀಗಿಲ್ಲ" ಅಂದ್ರು. ಅವನು ತಲೆ ಬಗ್ಗಿಸ್ಕೊಂಡು ಚಪ್ಪಲಿ ಪಟ್ಟಿ ಕೀಳ್ತಿದ್ದ.

ಮೊದ್ಲು ನಂಬರ್ ವಿಷ್ಯ ಹೇಳ್ದೆ. ಇದು ಶುಗರ್, ಬಿಪಿ ಥರ ಮೈಯೊಳಗಿರೋದನ್ನ ಅಳೆಯೋದಲ್ಲ, ಅದೇ ವಯಸ್ಸಿನ ಮಕ್ಕಳ ಸರಾಸರಿನ 100 ಅಂತ ಇಟ್ಕೊಂಡು ಈ ಮಗು ಆವತ್ತು ಆ ಪ್ರಶ್ನೆಗಳಲ್ಲಿ ಎಲ್ಲಿ ನಿಂತ್ಕೊಂಡ್ತು ಅನ್ನೋ ಲೆಕ್ಕ ಅಷ್ಟೆ, ಮೂರರಲ್ಲಿ ಎರಡು ಪಾಲು ಜನ 85ರಿಂದ 115ರ ಒಳಗೇ ಬರ್ತಾರೆ, ಇವನೂ ಅಲ್ಲೇ ಇದಾನೆ. 1905ರಲ್ಲಿ ಪ್ಯಾರಿಸ್ಸಲ್ಲಿ ಬಿನೆ ಅನ್ನೋ ಮನಶ್ಶಾಸ್ತ್ರಜ್ಞ ಇಂಥ ಟೆಸ್ಟ್ ಶುರು ಮಾಡಿದ್ದು ಯಾವ ಮಗುಗೆ ಶಾಲೇಲಿ ಹೆಚ್ಚು ಸಹಾಯ ಬೇಕು ಅಂತ ಹುಡುಕೋಕೆ, ದಡ್ಡ ಅಂತ ಸೀಲ್ ಒತ್ತೋಕಲ್ಲ. ಅವರು ತಲೆ ಆಡಿಸಿದ್ರು, ಆದ್ರೆ ಒಪ್ಪಿರ್ಲಿಲ್ಲ.

ಹುಡುಗನ್ನ ರಜೇಲಿ ಏನ್ಮಾಡ್ತೀಯಪ್ಪ ಅಂದೆ. ಅಜ್ಜಿ ಊರು, ಹಸು. "ಕೆಚ್ಚಲು ತುಂಬ್ಕೊಂಡು, ಬಾಲದ ಬುಡ ಮುಟ್ಟಿದ್ರೆ ಸಡಿಲ ಆಗಿದ್ರೆ ಇನ್ನೇನು ಕರು ಹಾಕತ್ತೆ ಆಂಟಿ" ಅಂದ. ನಂಗಿದು ಗೊತ್ತೇ ಇರ್ಲಿಲ್ಲ ಕಣೋ ಅಂದೆ, ನಿಜವಾಗ್ಲೂ ಗೊತ್ತಿರ್ಲಿಲ್ಲ. ಅಪ್ಪನ ಕಡೆ ತಿರುಗಿ ನಿಮ್ಗೆ ಅಂದೆ. ಸ್ವಲ್ಪ ಹೊತ್ತು ಸುಮ್ನಿದ್ದು, "ಅದೆಲ್ಲ ಪರೀಕ್ಷೇಲಿ ಬರಲ್ವಲ್ಲ" ಅಂದ್ರು. ಗೊತ್ತಿಲ್ಲ ಅಂತ ಮಾತ್ರ ಬರ್ಲಿಲ್ಲ.

ಆಮೇಲೆ ಹುಡುಗನೇ ಹೇಳ್ದ, ಹಗಲಲ್ಲಿ ಚಂದ್ರ ಯಾಕೆ ಕಾಣತ್ತೆ ಅಂತ ಕೇಳಿದ್ರೆ ಅಪ್ಪ "ಹೋಗಿ ಹೋಂವರ್ಕ್ ಮಾಡು" ಅಂತಾರಂತೆ. ಕೇಳೋದನ್ನೇ ಬಿಟ್ಟಿದಾನೆ, ಕ್ಲಾಸಲ್ಲೂ. ನನ್ನ ಪ್ರಕಾರ ಸಮಸ್ಯೆ ಇದ್ದಿದ್ದು ಇಲ್ಲಿ, 92ರಲ್ಲಲ್ಲ.

ಅಪ್ಪಂಗೆ ಹೇಳಿದ್ದು ಇಷ್ಟೇ. ರಿಪೋರ್ಟ್ ಬೀರುಲಿಡಿ, ನೆಂಟರ ಮುಂದೆ ಆ ನಂಬರ್ ಎತ್ಬೇಡಿ. ದಿನಕ್ಕೊಂದ್ಸಲ ಮಗನ ಮುಂದೆ "ನಂಗೂ ಗೊತ್ತಿಲ್ಲ, ಬಾ ನೋಡೋಣ" ಅನ್ನಿ, ಮೊಬೈಲ್ ತೆಗೆಯೋ ಮುಂಚೆ ಇಬ್ರೂ ಊಹೆ ಮಾಡಿ. ಟೀಚರ್ ಹತ್ರನೂ ಮಾತಾಡಿ, ಓದೋದ್ರಲ್ಲಿ ನಿಜವಾಗ್ಲೂ ಕಷ್ಟ ಇದ್ರೆ ಅದನ್ನ ಬೇರೆಯಾಗಿ ನೋಡೋಣ.

ಮೂರು ವಾರ ಬಿಟ್ಟು ಬಂದ್ರು. ಹುಣ್ಣಿಮೆ ಮಾರನೇ ದಿನದಿಂದ ದಿನಾ ಬೆಳಿಗ್ಗೆ ಏಳಕ್ಕೆ ಇಬ್ರೂ ಟೆರೇಸ್ ಹತ್ತಿದ್ರಂತೆ. ಹುಡುಗನ ನೋಟ್‌ಬುಕ್ಕಲ್ಲಿ ಆರು ಚಂದ್ರ, ಒಂದಕ್ಕಿಂತ ಒಂದು ಸಣ್ಣ, ಒಂದಕ್ಕಿಂತ ಒಂದು ಮೇಲೆ. "ಒಂದಿನ ಮೋಡ ಇತ್ತು ಆಂಟಿ" ಅಂತ ಖಾಲಿ ಬಿಟ್ಟ ಪುಟಾನೂ ತೋರಿಸ್ದ. ಯಾಕೆ ದಿನಾ ಮೇಲೆ ಹೋಗತ್ತೆ ಅಂದೆ. ಹುಡುಗ ಅಪ್ಪನ ಮುಖ ನೋಡ್ದ. ಅವರು ನಕ್ಕು, "ಅರ್ಧ ಗೊತ್ತಾಗಿದೆ ಮೇಡಂ, ಇನ್ನರ್ಧ ಗೊತ್ತಿಲ್ಲ" ಅಂದ್ರು.