ತಿಂಗಳ ಪಗಾರದವರಿಗೆ ಓವರ್‌ಟೈಮ್ ಇಲ್ಲ ಅಂತಾರೆ, ಕೇಳಲೋ, ಕೆಲಸ ಬಿಡಲೋ?

ನಿಮ್ಮ ಅಂಗಡಿ ಕೆಲಸ ಬೆಳಿಗ್ಗೆ 10ರಿಂದ ರಾತ್ರಿ 9.30, ಮಧ್ಯಾಹ್ನ 2ಕ್ಕೆ ಒಂದು ತಾಸು ಊಟ, ವಾರಕ್ಕೊಂದು ಸುಟಿ, ತಿಂಗಳಿಗೆ 15,600 ರೂಪಾಯಿ ಪಗಾರ ಅಂತ ಬರೆದಿದ್ದೀರಿ. ಕಲಬುರಗಿಯ ಬಟ್ಟೆ ಅಂಗಡಿಯೊಂದರಲ್ಲಿ ನಾಲ್ಕು ವರ್ಷ ನಾನೂ ಇದೇ ಮಾಡಿದವ. ಎರಡೂ ಬೇಡ, ಮೊದಲು ಹಾಜರಿ ಪುಸ್ತಕ ನೋಡಿ.

ತಿಂಗಳ ಕೊನೆಗೆ ಪಗಾರದ ಜೊತೆ ಆ ಪುಸ್ತಕ ಬರುತ್ತಿತ್ತು. ಇಪ್ಪತ್ತಾರು ಸಾಲು, ಒಂದೇ ಪೆನ್ನು, ಒಂದೇ ಕೈ: ಬಂದದ್ದು 10, ವಿರಾಮ 2ರಿಂದ 3, ಹೋದದ್ದು 7. ನೋಟು ಎಣಿಸುವ ಗಡಿಬಿಡಿಯಲ್ಲಿ ಮೇಲಿಂದ ಕೆಳಗೆ ಸಹಿ ಎಳೆದೆ. ಲೆಕ್ಕ ಹಾಕಿ: ದಿನಕ್ಕೆ 8, ವಾರಕ್ಕೆ ಸರಿಯಾಗಿ 48. ಮುಂದೆ ನಾನು ಓವರ್‌ಟೈಮ್ ಕೇಳಿ ದೂರು ಕೊಟ್ಟಾಗ ಕಾರ್ಮಿಕ ನಿರೀಕ್ಷಕರ ಮುಂದೆ ಅದೇ ಪುಸ್ತಕ ತೆರೆದುಕೊಂಡಿತು. ನನ್ನ ಡೈರಿಯಲ್ಲಿದ್ದದ್ದು ‘ಇವತ್ತೂ ಲೇಟು’ ಅಂತ ಅಷ್ಟೇ. ಎಷ್ಟು ಗಂಟೆಗೆ ಹೋದೆ, ವಿರಾಮ ಸಿಕ್ಕಿತೋ ಇಲ್ಲವೋ, ಒಂದೂ ಇಲ್ಲ. ಓವರ್‌ಟೈಮಿನ ಒಂದು ಪೈಸೆಯೂ ಕೈಗೆ ಹತ್ತಲಿಲ್ಲ. ಸುಳ್ಳು ಬರೆದದ್ದು ಮಾಲಕರು, ಅದನ್ನು ನಿಜ ಮಾಡಿದ್ದು ನನ್ನ ಸಹಿ.

ಪಗಾರ ತಿಂಗಳಿಗೆ ಎಂಬುದು ನೆಪ. ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರ ಪ್ರಕಾರ ದಿನಕ್ಕೆ 9 ತಾಸು, ವಾರಕ್ಕೆ 48, ಮೇಲಿನದಕ್ಕೆ ದುಪ್ಪಟ್ಟು. ನಿಮ್ಮದು ದಿನಕ್ಕೆ ಹತ್ತೂವರೆ, ವಾರಕ್ಕೆ 63, ಅಂದರೆ 15 ತಾಸು ಹೆಚ್ಚು. ನಿಮ್ಮ 15,600 ರೂಪಾಯಿಯನ್ನು ತಿಂಗಳ 26 ಕೆಲಸದ ದಿನಗಳಿಂದ ಭಾಗಿಸಿ, ಮತ್ತೆ ದಿನದ 8 ತಾಸಿನಿಂದ: ತಾಸಿಗೆ 75. ದುಪ್ಪಟ್ಟು 150. ವಾರಕ್ಕೆ 2,250.

ಆದರೆ ದುಡ್ಡು ಕೊಟ್ಟರೂ ಇದು ಸರಿಯಾಗದು. ಸ್ಟಾಕ್ ಎಣಿಕೆ, ಲೆಕ್ಕಪತ್ರದ ದಿನ ಬಿಟ್ಟರೆ ಓವರ್‌ಟೈಮ್ ಸೇರಿಯೂ ದಿನಕ್ಕೆ 10 ತಾಸು ದಾಟುವಂತಿಲ್ಲ. ಮೂರು ತಿಂಗಳಿಗೆ ಓವರ್‌ಟೈಮ್ 50 ತಾಸು ಮಾತ್ರ. ನೀವು ನಾಲ್ಕನೇ ವಾರಕ್ಕೇ 60 ಮುಟ್ಟುತ್ತೀರಿ. ಇನ್ನೊಂದು ಯಾರ ಕಣ್ಣಿಗೂ ಬೀಳುವುದಿಲ್ಲ: 5 ತಾಸಿಗಿಂತ ಹೆಚ್ಚು ಒಂದೇ ಸಮ ದುಡಿಸುವಂತಿಲ್ಲ, ನಡುವೆ ಒಂದು ತಾಸು ವಿರಾಮ ಬೇಕು. ಊಟ ಮುಗಿದ 3ರಿಂದ 9.30ರವರೆಗೆ ಆರೂವರೆ ತಾಸು! ಸೀರೆ ಮಡಚುತ್ತಾ, ಗಿರಾಕಿ ಮೇಲೆ ಕಣ್ಣಿಟ್ಟು ಕುಡಿಯುವ ಚಾ ವಿರಾಮವಲ್ಲ.

ಈಗ ಮಾಡಬೇಕಾದ್ದು. ಸಹಿ ದಿನದಿನವೇ ಹಾಕಿ. ತಿಂಗಳ ಕೊನೆಗೆ ತುಂಬಿದ ಪುಸ್ತಕ ಬಂದರೆ ಸಹಿಯ ಪಕ್ಕ ನಿಜವಾಗಿ ಹೋದ ಸಮಯ ಬರೆಯಿರಿ. ಬಿಡದಿದ್ದರೆ ಪ್ರತಿ ರಾತ್ರಿ ವಾಟ್ಸಾಪ್‌ನಲ್ಲಿ ಒಂದೇ ಸಾಲು: ‘ಸಾವಕಾರ್ರೇ, 9.40ಕ್ಕ ಶಟರ್ ಇಳಿಸಿ ಚಾವಿ ಕೊಟ್ಟು ಹೊಂಟೀನ್ರಿ.’ ಕಾಯ್ದೆ, ಓವರ್‌ಟೈಮ್ ಅನ್ನೋ ಮಾತು ಅದರಲ್ಲಿ ಬೇಡ. ‘ಹೂಂ’ ಅಂತ ಉತ್ತರ ಬಂದರೆ ಇನ್ನೂ ಒಳ್ಳೆಯದು. ಮೂರು ತಿಂಗಳು ಹೀಗೆ ಕೂಡಿಹಾಕಿ, ಆಮೇಲೆ ಕಾರ್ಮಿಕ ಇಲಾಖೆಗೆ ಹೋಗಿ.

ಸೇರಿ ಆರು ತಿಂಗಳು ತುಂಬಿದ್ದರೆ ಸರಿಯಾದ ಕಾರಣ, ಮತ್ತು ಒಂದು ತಿಂಗಳ ನೋಟಿಸ್ ಅಥವಾ ಅದರ ಪಗಾರ ಇಲ್ಲದೆ ನಿಮ್ಮನ್ನು ಕೆಲಸದಿಂದ ತೆಗೆಯುವಂತಿಲ್ಲ. ತುಂಬದಿದ್ದರೆ ತುಂಬುವವರೆಗೆ ಬಾಯಿ ಮುಚ್ಚಿ ಬರೆದಿಡಿ. ನಡುವೆ ಫೋನ್ ಬದಲಿಸಿದರೆ ಚಾಟ್ ಬ್ಯಾಕಪ್ ಮರೆಯಬೇಡಿ.